ಸಹಾಯ ಬೇಕು: ಸೂರ್ಯನ ಮೇಲಿನ ಕಪ್ಪು ಕಲೆ ನೋಡೋಕೆ ಫಿಲ್ಟರ್, ಮಂಡ್ಯ/ಮೈಸೂರು ಕಡೆಯವ್ರು ಹೇಳಿ

ಎಲ್ರಿಗೂ ನಮಸ್ಕಾರ, ನಾನು ಮಂಡ್ಯದವನು, ನನ್ಹತ್ರ 70 ಎಂಎಂ ಟೆಲಿಸ್ಕೋಪ್ ಇದೆ, ಸೂರ್ಯನ ಬಿಂಬ ಬಿಳಿ ಹಾಳೆ ಮೇಲೆ ಬೀಳಿಸಿ ಕಲೆಗಳನ್ನ ಪೆನ್ಸಿಲಲ್ಲಿ ಗುರುತು ಮಾಡ್ಕೋತೀನಿ, ಸೂರ್ಯ ಸುಮಾರು 27 ದಿನಕ್ಕೆ ಒಂದು ಸುತ್ತು ತಿರುಗೋದ್ರಿಂದ ಅವು ದಿನಾ ಸ್ವಲ್ಪ ಸ್ವಲ್ಪ ಸರಿಯೋದು ನೋಡೋಕೆ ಎಷ್ಟು ಖುಷಿ ಅಂತ ಹೇಳೋಕಾಗಲ್ಲ. ಆದ್ರೆ ಕಲೆ ಸುತ್ತ ಇರೋ ಮಸುಕು ಅಂಚು, ಸಣ್ಣ ಚುಕ್ಕೆಗಳು ಹಾಳೆ ಮೇಲೆ ಸರಿಯಾಗಿ ಕಾಣ್ತಿಲ್ಲ.

ಅದಕ್ಕೆ ಟೆಲಿಸ್ಕೋಪ್ ಮುಂಭಾಗಕ್ಕೆ ಹಾಕೋ ಸೋಲಾರ್ ಫಿಲ್ಟರ್ ಶೀಟ್ ಬೇಕು. ಕಣ್ಣಲ್ಲಿ ನೋಡೋಕೆ ಡೆನ್ಸಿಟಿ (ಬೆಳಕು ಎಷ್ಟು ತಡೆಯತ್ತೆ ಅನ್ನೋ ಅಳತೆ) 5ರದ್ದೇ ಆಗ್ಬೇಕು, 3.8ರದ್ದು ಫೋಟೋಗೆ ಮಾತ್ರ. ಐಪೀಸಿಗೆ, ಅಂದ್ರೆ ಕಣ್ಣಿಟ್ಟು ನೋಡೋ ಲೆನ್ಸಿಗೆ ಹಾಕೋ ಗ್ಲಾಸ್ ಫಿಲ್ಟರ್ ಬಿಸಿಗೆ ಒಡೆದು ಕಣ್ಣೇ ಹೋಗ್ಬಹುದು, ದಯವಿಟ್ಟು ಅದನ್ನ ಹೇಳ್ಬೇಡಿ, ನೀವೂ ಬಳಸ್ಬೇಡಿ. ಒಳ್ಳೇ ಶೀಟ್ ಮೈಸೂರಲ್ಲಿ ಎಲ್ಲಾದ್ರೂ ಸಿಗತ್ತಾ? ಯಾರಾದ್ರೂ ಒಟ್ಟಿಗೆ ತರಿಸೋದಾದ್ರೆ ನಾನೂ ದುಡ್ಡು ಹಾಕ್ತೀನಿ.

ಇನ್ನೊಂದು. 2024ರ ಮೇನಲ್ಲಿ ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಯ್ತಲ್ಲ, ಅದಕ್ಕೆ ಕಾರಣ ಆದ 3664 ನಂಬರಿನ ಕಲೆಗುಂಪಿನ ಫೋಟೋ ನೋಡಿದಾಗಿಂದ ಸೌರಜ್ವಾಲೆನ (ಇಂಥ ಕಲೆಗಳ ಹತ್ರ ಆಗೋ ಸ್ಫೋಟ) ಕಣ್ಣಾರೆ ನೋಡೋ ಆಸೆ, ಅದಕ್ಕೆ ಹೈಡ್ರೋಜನ್ನಿನ 656.3 ನ್ಯಾನೋಮೀಟರಿನ ಕೆಂಪು ಬೆಳಕು ಮಾತ್ರ ಒಳಗೆ ಬಿಡೋ ಹೈಡ್ರೋಜನ್ ಆಲ್ಫಾ ಟೆಲಿಸ್ಕೋಪೇ ಬೇಕು, ರೇಟು ಕೈಗೆಟುಕಲ್ಲ. ಮೈಸೂರು ಮಂಡ್ಯ ಕಡೆ ಯಾರ ಹತ್ರಾದ್ರೂ ಇದ್ರೆ ಒಂದ್ಸಲ ತೋರಿಸ್ತೀರಾ? ಬೆಳಗ್ಗೆ ಹೊತ್ತು ಬಿಂಬ ಅಷ್ಟು ಅಲುಗಾಡಲ್ಲ, ಯಾವ ಭಾನುವಾರ ಅಂದ್ರೂ ಮೊದಲ ಬಸ್ಸಿಗೇ ಬರ್ತೀನಿ.