ಹೋಂವರ್ಕ್ ವಾಟ್ಸಾಪಿನಲ್ಲಿ, ಜಗಳ ಮಾತ್ರ ನಮ್ಮ ಮನೆಯದ್ದಾ?

ಸಾಗರದ ಅಮ್ಮ:
ಮಗಳು 8ನೇ ಕ್ಲಾಸು. ಸಂಜೆ ಏಳಕ್ಕೆ ಹೋಂವರ್ಕ್ ಕ್ಲಾಸ್ ಗ್ರೂಪಿಗೆ ಬರುತ್ತದೆ, ನನ್ನ ಫೋನು ಅವಳ ಕೈಗೆ ಹೋಗುತ್ತದೆ. ಮಕ್ಕಳು ತಮ್ಮದೇ ಇನ್ನೊಂದು ಗ್ರೂಪನ್ನೂ ಮಾಡಿಕೊಂಡಿದ್ದಾರೆ. ಹೋದ ವಾರ ಒಬ್ಬ ಹುಡುಗಿಯ ಸ್ಕೂಲ್ ಡೇ ಫೋಟೋಗೆ ಮೀಸೆ, ಕೊಂಬು ಬರೆದು ಸ್ಟಿಕ್ಕರ್ ಮಾಡಿ ಅಲ್ಲಿ ಹಾಕಿದ್ದಾರೆ. ಆ ಮಗು ಮೂರು ದಿನ ಶಾಲೆಗೇ ಬರಲಿಲ್ಲ. ನನ್ನ ಮಗಳೂ ಅದಕ್ಕೊಂದು ನಗುವ ಎಮೋಜಿ ಒತ್ತಿದ್ದಳು. ಹೋಗಿದ್ದು ನನ್ನ ನಂಬರಿನಿಂದ! ಶಾಲೆಯಲ್ಲಿ ಕೇಳಿದರೆ, "ಶಾಲೆ ಹೊತ್ತಲ್ಲಿ ಆಗಿದ್ದಲ್ಲ, ಮನೆಯಲ್ಲಿ ನೋಡಿಕೊಳ್ಳಿ" ಅಂದರು. ಹೋಂವರ್ಕ್ ಕಳಿಸಲು ನಮ್ಮ ಫೋನು ಬೇಕು, ಅದರಲ್ಲಿ ಹೇಗಿರಬೇಕು ಅಂತ ಕಲಿಸುವುದು ಬೇಡ್ವಾ?

ಗಣಿತ ಮೇಷ್ಟ್ರು:
ಮೇಡಂ, "ಮನೆಯಲ್ಲಿ ನೋಡಿಕೊಳ್ಳಿ" ಅಂತ ನಾನೂ ಹೇಳಿದವನೇ, ಸುಳ್ಳು ಯಾಕೆ. ಹೋದ ವರ್ಷ ಒಂದು ಶನಿವಾರ ಫೋನೇ ಇಲ್ಲದೆ ಪಾಠ ಮಾಡಿದೆ. ಚೀಟಿಯಲ್ಲಿ "ಮೇಷ್ಟ್ರಿಗೆ ಹದಿನೇಳರ ಮಗ್ಗಿ ಬರಲ್ಲ" ಅಂತ ಬರೆದು ಮುಂದಿನ ಬೆಂಚಿಗೆ ಕೊಟ್ಟೆ. ನಕಲು ಮಾಡಿಕೊಂಡು ದಾಟಿಸಿ ಅಂದೆ. ಹತ್ತು ನಿಮಿಷ ಬಿಟ್ಟು ಎಲ್ಲಾ ಚೀಟಿ ವಾಪಸ್ ಕೇಳಿದೆ. 41 ಮಕ್ಕಳು, ಬಂದದ್ದು 33. ಎರಡು ಕಿಟಕಿ ದಾಟಿ ಪಕ್ಕದ ಸೆಕ್ಷನ್‌ಗೆ ಹೋಗಿದ್ದವು. ಒಂದು ಸ್ಟಾಫ್ ರೂಮಿನಲ್ಲಿ ಸಿಕ್ಕಿತು. ಅಷ್ಟರಲ್ಲಿ ಅದು "ಎರಡರ ಮಗ್ಗಿಯೂ ಬರಲ್ಲ" ಆಗಿತ್ತು! ಡಿಲೀಟ್ ಮಾಡಿದರೆ ಮುಗೀತು ಅನ್ನುತ್ತಿದ್ದ ಹುಡುಗರು ಅವತ್ತು ಗಪ್‌ಚುಪ್.

ಮೆಲ್ಬರ್ನ್ ಕನ್ನಡಿಗ:
ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ 2020ರಿಂದಲೇ ಫೋನ್ ಆಫ್ ಮಾಡಿ ಒಳಗಿಡಬೇಕು. 2025ರ ಡಿಸೆಂಬರ್ 10ರಿಂದ 16 ತುಂಬದವರಿಗೆ ಇನ್‌ಸ್ಟಾಗ್ರಾಂ, ಟಿಕ್‌ಟಾಕ್ ಖಾತೆಯೂ ಇಲ್ಲ. ಆದರೆ ವಾಟ್ಸಾಪನ್ನು ಹೊರಗಿಟ್ಟಿದ್ದಾರೆ. ನಿಮ್ಮ ಕೊಂಬಿನ ಸ್ಟಿಕ್ಕರ್ ಇಲ್ಲೂ ಆರಾಮಾಗಿ ಓಡುತ್ತಿತ್ತು.

ಹಳೇ ವಕೀಲ:
ಇದು ಮೀಸೆ, ಕೊಂಬಿಗೆ ನಿಂತಿದೆ, ಸರಿ. ಆದರೆ ಅಶ್ಲೀಲಕ್ಕೆ ತಿರುಗಿದರೆ, ಸಾಕ್ಷಿಗಿರಲಿ ಅಂತಲೂ ಯಾರಿಗೂ ಫಾರ್ವರ್ಡ್ ಮಾಡಬೇಡಿ. ಮಕ್ಕಳ ಅಂಥ ಚಿತ್ರ ಹಂಚುವುದೇ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 67ಬಿ ಕಲಮಿನಡಿ ಅಪರಾಧ. 1098ಕ್ಕೆ ಫೋನ್ ಮಾಡಿ, ಅದು ಮಕ್ಕಳ ಸಹಾಯವಾಣಿ.

ಸಾಗರದ ಅಮ್ಮ:
ಮೇಷ್ಟ್ರೇ, ನಿಮ್ಮ ಚೀಟಿ ಆಟವನ್ನು ಕ್ಲಾಸ್ ಟೀಚರ್‌ಗೆ ಹೇಳಿದೆ. ಈ ಶನಿವಾರ ಮಾಡುತ್ತಾರಂತೆ. ನಿನ್ನೆ ಮಗಳನ್ನು ಕರೆದುಕೊಂಡು ಆ ಹುಡುಗಿ ಮನೆಗೂ ಹೋಗಿ ಬಂದೆ. ಆಮೇಲೆ ಗ್ರೂಪಿನ ಅಡ್ಮಿನ್ ಯಾರು ಅಂತ ಹುಡುಕಿದೆ. ನಮ್ಮದೇ ಬೀದಿಯ ಅಜ್ಜಿ! ಮೊಮ್ಮಗ ಅವರ ನಂಬರಿನಲ್ಲಿ ಮಾಡಿದ್ದಾನೆ. ಪಾಪ, ಅವರಿಗೆ ಹಸಿರು ಗುಂಡಿ ಒತ್ತಿ ಫೋನ್ ಎತ್ತುವುದಷ್ಟೇ ಗೊತ್ತು.