ಅಪ್‌ಡೇಟ್: ದೊಡ್ಡವರಿಗೆ ದಡಾರದ ಲಸಿಕೆ ಮತ್ತೆ ಬೇಕೇ?

1987ರಲ್ಲಿ ದಾವಣಗೆರೆಯಲ್ಲಿ ಹುಟ್ಟಿ ಈಗ ಟೆಕ್ಸಾಸ್‌ನಲ್ಲಿರುವ ನಾನು, 2025ರಲ್ಲಿ ಇಲ್ಲಿ ದಡಾರ ಹಬ್ಬಿದ್ದನ್ನು ಕಂಡು, ಈ ವಯಸ್ಸಿನಲ್ಲಿ ಮತ್ತೆ ಲಸಿಕೆ ಹಾಕಿಸಿಕೊಳ್ಳಬೇಕೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಹಳೆಯ ಲಸಿಕೆ ಕಾರ್ಡ್ ಹುಡುಕಿಸಿ ಎಂದು ನೀವು ಹೇಳಿದ್ದು ಒಳ್ಳೆಯದಾಯಿತು. ಅಮ್ಮ ಟ್ರಂಕಿನಿಂದ ತೆಗೆದು ಫೋಟೊ ಕಳುಹಿಸಿದ ಆ ಕಾರ್ಡು ಮಡಿಕೆಗಳಲ್ಲಿ ಹರಿದಿತ್ತು. ಒಂಬತ್ತನೇ ತಿಂಗಳ ಎದುರು ನೀಲಿ ಶಾಯಿಯಲ್ಲಿ ಬರೆದ ಒಂದೇ ಒಂದು ದಿನಾಂಕವಿತ್ತು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಎರಡನೇ ಡೋಸ್ ಆರಂಭವಾದದ್ದೇ 2010ರಲ್ಲಿ. ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿನಲ್ಲಿ ಉಳಿದಿದ್ದರೆ ಲಸಿಕೆಯ ಪರಿಣಾಮ ಕುಗ್ಗಬಹುದಾದ್ದರಿಂದ, ಮೊದಲ ಹುಟ್ಟುಹಬ್ಬಕ್ಕೆ ಮುಂಚಿನ ಡೋಸನ್ನು ಅಮೆರಿಕದಲ್ಲಿ ಲೆಕ್ಕಕ್ಕೇ ಹಿಡಿಯುವುದಿಲ್ಲವೆಂದು ವೈದ್ಯರು ವಿವರಿಸಿದರು. ಇದು ನನಗೆ ತಿಳಿದಿರಲಿಲ್ಲ, ನನ್ನ ವಯಸ್ಸಿನ ಅನೇಕ ಕನ್ನಡಿಗರಿಗೂ ತಿಳಿದಿರಲಾರದು.

ರಕ್ತಪರೀಕ್ಷೆ ಕಡ್ಡಾಯವಲ್ಲ, ಈಗಾಗಲೇ ರೋಗನಿರೋಧಕ ಶಕ್ತಿ ಇದ್ದವರಿಗೆ ಇನ್ನೊಂದು ಡೋಸ್‌ನಿಂದ ಹಾನಿಯಿಲ್ಲ ಎಂದರು. ಡಿಸೆಂಬರ್‌ನಲ್ಲಿ ಊರಿಗೆ ಹೊರಟಿರುವುದರಿಂದ 28 ದಿನಗಳ ಅಂತರದಲ್ಲಿ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ) ಎರಡು ಡೋಸ್ ಹಾಕಿಸಿಕೊಂಡೆ. ಮೊದಲನೆಯದಾದ ಎಂಟನೇ ದಿನ ಸಣ್ಣ ಜ್ವರ ಬಂದು ಮರುದಿನವೇ ಇಳಿಯಿತು.

ಒಂದು ಮಾತನ್ನು ಒತ್ತಿ ಹೇಳಬೇಕು: ಇದು ಜೀವಂತ ವೈರಸ್‌ನ ಲಸಿಕೆಯಾದ್ದರಿಂದ ಗರ್ಭಿಣಿಯರಿಗೆ ಕೊಡುವುದಿಲ್ಲ. ನನ್ನ ಪತ್ನಿ ಗರ್ಭಿಣಿಯಾಗಿದ್ದು, ಹೆರಿಗೆಯ ನಂತರ ಹಾಕಿಸಿಕೊಳ್ಳಲಿದ್ದಾಳೆ. ಅಲ್ಲಿಯವರೆಗೆ ಮನೆಗೆ ರೋಗ ತರದಿರುವ ಹೊಣೆ ನನ್ನದು. ಎರಡು ಡೋಸ್‌ಗಳ ದಾಖಲೆಯಿರುವವರಿಗೆ ಸಾಮಾನ್ಯವಾಗಿ ಮೂರನೆಯದು ಬೇಕಿಲ್ಲ.