ಹಾವು ಕಡಿತದ ಲೆಕ್ಕ: ಯಾವುದನ್ನು ನಂಬುವುದು?

ಗೇರುಗುಡ್ಡೆ:
ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ವಾರ್ಡಿನ ಕುಡುಂಬಶ್ರೀ (ಮಹಿಳಾ ಸ್ವಸಹಾಯ ಸಂಘ) ಸಭೆಯಲ್ಲಿ ಮಳೆಗಾಲಕ್ಕೆ ಮುಂಚೆ ಹಾವು ಕಡಿತದ ಬಗ್ಗೆ ಹೇಳಲಿಕ್ಕಿದೆ. ದೇಶದಲ್ಲಿ ವರ್ಷಕ್ಕೆ ಸಾಯುವವರು ಕೆಲವೇ ಸಾವಿರ ಅಂತ ಒಂದು ಕಡೆ, ಐವತ್ತು ಸಾವಿರ ದಾಟುತ್ತದೆ ಅಂತ ಇನ್ನೊಂದು ಕಡೆ. ಯಾವುದು ಸರಿ? ತೋಟದ ಕೆಲಸದವರಿಗೆ ಮುಖ್ಯವಾಗಿ ಏನು ಹೇಳಬೇಕು?

ಲೆಕ್ಕದಪುಸ್ತಕ:
ದೊಡ್ಡದನ್ನೇ ಹೇಳಿ. 2020ರಲ್ಲಿ ಬಂದ ಅಧ್ಯಯನದ ಅಂದಾಜಿನಲ್ಲಿ 2000ದಿಂದ 2019ರ ವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಸಾವು, ವರ್ಷಕ್ಕೆ ಸರಾಸರಿ 58,000. ಅದರ ಬುಡ ಮನೆಮನೆಗೆ ಹೋಗಿ ಸಾವಿನ ಕಾರಣ ಕೇಳಿದ ಸಮೀಕ್ಷೆ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಸಿಗುವುದು ಆಸ್ಪತ್ರೆ ಮುಟ್ಟಿದವರು ಮಾತ್ರ. ಹೆಚ್ಚಿನವರು ತೀರಿಕೊಳ್ಳುವುದು ಹಳ್ಳಿಯ ಮನೆಯಲ್ಲಿ. ಅರ್ಧದಷ್ಟು ಸಾವು ಜೂನ್–ಸೆಪ್ಟೆಂಬರಿನಲ್ಲಿ. ಸುಮಾರು 70% ಎಂಟು ರಾಜ್ಯಗಳದ್ದು, ಅದರಲ್ಲಿ ಕೇರಳವೂ ಇಲ್ಲ, ಕರ್ನಾಟಕವೂ ಇಲ್ಲ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು.

ವಾರ್ಡ್_ಡ್ಯೂಟಿ:
ಅಂಕಿಗಿಂತ ಕಟ್ಟುಹಾವಿನ (ಮಲಯಾಳದ ವೆಳ್ಳಿಕೆಟ್ಟನ್) ವಿಷಯಕ್ಕೆ ಸಮಯ ಕೊಡಿ. ನೆಲದಲ್ಲಿ ಮಲಗಿದವರನ್ನು ರಾತ್ರಿ ಕಡಿಯುತ್ತದೆ; ನೋವಿಲ್ಲ, ಬಾವಿಲ್ಲ, ಗುರುತೂ ಕಾಣದೆ ಹೋಗಬಹುದು. ಬೆಳಗ್ಗೆ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋತುಬಿದ್ದು ಮಾತು ತೊದಲುತ್ತದೆ. ಗ್ಯಾಸ್ಟ್ರಿಕ್ ಅಂದುಕೊಂಡು ಕೂತರೆ ಉಸಿರು ನಿಲ್ಲುತ್ತದೆ. ಹಾಗಾಗಿ ಆಂಟಿವೆನಮ್ (ಹಾವಿನ ವಿಷಕ್ಕೆ ಕೊಡುವ ಮದ್ದು) ಜೊತೆ ವೆಂಟಿಲೇಟರೂ ಇರುವ ಆಸ್ಪತ್ರೆ ಯಾವುದೆಂದು ಈಗಲೇ ಕೇಳಿಡಿ.

ಮಂಡಲದ ಹಾವಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ. 2 ಮಿ.ಲೀ. ರಕ್ತವನ್ನು ಒಣಗಿದ ಹೊಸ ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು ಹೆಪ್ಪುಗಟ್ಟಿದೆಯಾ ಅಂತ ಒಮ್ಮೆ ಓರೆ ಮಾಡಿ ನೋಡುತ್ತಾರೆ. ಪ್ಲಾಸ್ಟಿಕ್ ಟ್ಯೂಬ್ ಅಥವಾ ಸೋಪಿನಲ್ಲಿ ತೊಳೆದ ಗಾಜಾದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಮೋಸ ಮಾಡುತ್ತದೆ. ಆಂಟಿವೆನಮಿನ ಮೊದಲ ಡೋಸ್ ಸಾಮಾನ್ಯವಾಗಿ 10 ವಯಲ್ (ಮದ್ದಿನ ಸಣ್ಣ ಬಾಟ್ಲಿ), ಮಗುವಿಗೂ ಅಷ್ಟೇ. ಹಾವು ಆಳು ನೋಡಿ ವಿಷ ಅಳೆಯುವುದಿಲ್ಲವಲ್ಲ. ಮತ್ತೆ ಪರೀಕ್ಷೆ 6 ಗಂಟೆ ಬಿಟ್ಟು, ಯಾಕೆಂದರೆ ಹೆಪ್ಪುಗಟ್ಟಿಸುವ ಅಂಶಗಳನ್ನು ಪುನಃ ತಯಾರಿಸಲು ಲಿವರಿಗೆ ಅಷ್ಟು ಹೊತ್ತು ಬೇಕು.

ತರಗೆಲೆ:
ನಮ್ಮ ಕಡೆ ತೋಟದ ತರಗೆಲೆಯಡಿ ಇನ್ನೊಂದುಂಟು, ಮೂಗಿನ ತುದಿ ಮೇಲಕ್ಕೆದ್ದ ಗಿಡ್ಡ ಮಂಡಲ (ಮುಳಮೂಕ್ಕನ್). ಇದಕ್ಕೆ ಈಗಿನ ಆಂಟಿವೆನಮ್ ನಾಟುವುದಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ, ಈ ನಾಲ್ಕಕ್ಕೆ ಮಾತ್ರ ತಯಾರಾದ ಮದ್ದು ಅದು. ಕೊಳಕುಮಂಡಲದ ಮರಿ ಎಂದು ತಪ್ಪು ತಿಳಿದು ವಯಲ್ ಮೇಲೆ ವಯಲ್ ಹೋಗುತ್ತದೆ, ಅಷ್ಟರಲ್ಲಿ ಕಿಡ್ನಿ ಕೆಟ್ಟು ಡಯಾಲಿಸಿಸ್ ಬೇಕಾಗಬಹುದು. ದೂರದಿಂದ ಒಂದು ಫೋಟೋ ಸಿಕ್ಕಿದರೆ ಉಪಕಾರ. ಹಿಡಿಯಲು, ಹೊಡೆಯಲು ಹೋಗಿ ಎರಡನೆಯವರೂ ಕಚ್ಚಿಸಿಕೊಳ್ಳುವುದು ಬೇಡ. ಗೇರುಬೀಜ, ಬಿದ್ದಡಿಕೆ ಹೆಕ್ಕುವವರು ಮೊದಲು ಕೋಲಿನಿಂದ ಎಲೆ ಸರಿಸಲಿ, ಕಾಲಿಗೆ ಗಂಬೂಟು ಇರಲಿ.

ಗೇರುಗುಡ್ಡೆ:
ಉಪಕಾರ ಆಯ್ತು ಮಾರಾಯ್ರೆ. ಬರುವಾಗಲೇ ಕಡಿದ ಕೈಕಾಲನ್ನು ಬೈರಾಸಿನಲ್ಲಿ (ಟವೆಲಿನಲ್ಲಿ) ಬಿಗಿದು ಕಟ್ಟಿದ್ದರೆ ಬಿಚ್ಚಬೇಕಾ?

ವಾರ್ಡ್_ಡ್ಯೂಟಿ:
ದಾರಿಯಲ್ಲಿ ಬಿಚ್ಚಬೇಡಿ. ತಡೆದಿದ್ದ ವಿಷ ಒಮ್ಮೆಲೇ ನುಗ್ಗಿ ಉಸಿರು ಕಟ್ಟಬಹುದು. ಎಲ್ಲ ಸಿದ್ಧ ಮಾಡಿಕೊಂಡು ಡಾಕ್ಟರೇ ಬಿಚ್ಚಲಿ. ಇನ್ನೂ ಕಟ್ಟದಿದ್ದರೆ ಕಟ್ಟಲೇಬೇಡಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆದು, ಕಾಲಿಗೆ ಅಡಿಕೆ ಮರದ ಸಲಾಕೆಯೋ ರಟ್ಟೋ ಇಟ್ಟು ಸಡಿಲವಾಗಿ ಸುತ್ತಿ, ನಡೆಸದೆ ಎತ್ತಿಕೊಂಡು ಹೋಗಿ.